ಅಳಿಸಿದವರು ಯಾರು, ಕಾರಣವೇನು: ಅಂತರ್ಜಾಲ ನಿಯಂತ್ರಣದ ಕಾಲು ಶತಮಾನ

ಸಾಮಾಜಿಕ ಜಾಲತಾಣಗಳಿಗೆ ಅಂಕುಶ ಬೇಕೇ ಬೇಡವೇ ಎಂಬ ವಾದ ನಮ್ಮಲ್ಲಿ ಎದ್ದಾಗಲೆಲ್ಲ ಎರಡು ಪಕ್ಷಗಳು ಎದುರುಬದುರು ನಿಲ್ಲುತ್ತವೆ. ಒಂದು ಪಕ್ಷ ಸಂವಿಧಾನದ 19(1)(ಎ) ವಿಧಿ ಕೊಟ್ಟ ವಾಕ್ ಸ್ವಾತಂತ್ರ್ಯವನ್ನು ಮುಂದಿಡುತ್ತದೆ. ಇನ್ನೊಂದು, 19(2)ನೇ ವಿಧಿ ಹೇಳುವ ಸಾರ್ವಜನಿಕ ಸುವ್ಯವಸ್ಥೆ ಮತ್ತು ದೇಶದ ಭದ್ರತೆಯನ್ನು ಮುಂದಿಡುತ್ತದೆ. 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯ್ದೆಯಿಂದ ಹಿಡಿದು 2025ರವರೆಗಿನ ತಿದ್ದುಪಡಿ, ನಿಯಮ, ತೀರ್ಪುಗಳನ್ನು ಕಾಲಾನುಕ್ರಮದಲ್ಲಿಟ್ಟು ಓದಿದರೆ ಬೇರೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಯಾವ ಮಾತನ್ನು ಅಳಿಸಬೇಕು ಎಂಬುದರ ಮೇಲೆ ಕಾಲು ಶತಮಾನ ಚರ್ಚೆ ನಡೆದಿದೆ. ಅಳಿಸುವವರು ಯಾರು, ಅವರು ಕಾರಣ ಬರೆದಿಡುತ್ತಾರೆಯೇ, ಅಳಿಸಿದ್ದು ಬರೆದವನಿಗೆ ಗೊತ್ತಾಗುತ್ತದೆಯೇ ಎಂಬ ಪ್ರಶ್ನೆಗಳು ಮಾತ್ರ ಪ್ರತಿ ಸಲವೂ ಹಿಂದೆ ಉಳಿದಿವೆ. ನಮ್ಮ ನಿಯಂತ್ರಣ ಕ್ರಮಗಳು ಬಹುಪಾಲು ಎಡವಿದ್ದು ಇಲ್ಲಿಯೇ ಎಂಬುದು ಈ ಲೇಖನದ ವಾದ.

ಮೂಲ ಕಾಯ್ದೆ ರಚನೆಯಾದಾಗ ಅದರ ಗಮನವಿದ್ದದ್ದು ಇ-ವಾಣಿಜ್ಯ ಮತ್ತು ಡಿಜಿಟಲ್ ಸಹಿಯ ಮೇಲೆ. ಬೇರೆಯವರು ಹಾಕಿದ್ದಕ್ಕೆ ಜಾಲತಾಣ ಎಷ್ಟರಮಟ್ಟಿಗೆ ಹೊಣೆ ಎಂಬ ಪ್ರಶ್ನೆ ಗಂಭೀರವಾಗಿ ಎದ್ದದ್ದು 2004ರ ಡಿಸೆಂಬರ್‌ನಲ್ಲಿ. ಬಾಜೀ ಡಾಟ್ ಕಾಮ್ ತಾಣದಲ್ಲಿ ಬಳಕೆದಾರನೊಬ್ಬ ಅಶ್ಲೀಲ ವಿಡಿಯೊ ತುಣುಕನ್ನು ಮಾರಾಟಕ್ಕಿಟ್ಟ ಪ್ರಕರಣದಲ್ಲಿ ಸಂಸ್ಥೆಯ ಮುಖ್ಯಸ್ಥ ಅವನೀಶ್ ಬಜಾಜ್ ಬಂಧನಕ್ಕೊಳಗಾದರು. ಆ ಬಳಿಕ ಬಂದ 2008ರ ತಿದ್ದುಪಡಿ, ಮಧ್ಯವರ್ತಿ ಸಂಸ್ಥೆಗಳಿಗೆ ಸೆಕ್ಷನ್ 79ರಲ್ಲಿದ್ದ ರಕ್ಷಣೆಯನ್ನು ವಿಸ್ತರಿಸಿತು. ಅದೇ ತಿದ್ದುಪಡಿ ಮಾಹಿತಿಯನ್ನು ತಡೆಹಿಡಿಯುವ ಅಧಿಕಾರವನ್ನು 69ಎ ಮೂಲಕ ಕೇಂದ್ರ ಸರ್ಕಾರಕ್ಕೆ ಕೊಟ್ಟಿತು. ಕಿರಿಕಿರಿ, ಅನನುಕೂಲದಂಥ ಮಸುಕು ಪದಗಳನ್ನೇ ಅಪರಾಧದ ಲಕ್ಷಣವಾಗಿಸಿ, ಮೂರು ವರ್ಷದವರೆಗೆ ಜೈಲು ವಿಧಿಸಬಹುದಾದ 66ಎ ಯನ್ನೂ ತಂದಿತು. ಮುಂಬೈ ದಾಳಿಯಾಗಿ ತಿಂಗಳು ತುಂಬುವ ಮೊದಲೇ, ಗದ್ದಲದ ನಡುವೆ, ಲೋಕಸಭೆ ಈ ಮಸೂದೆಗೆ ಚರ್ಚೆಯಿಲ್ಲದೆ ಒಪ್ಪಿಗೆ ಕೊಟ್ಟಿತು. ಸದನದಲ್ಲಿ ಆಗದೆ ಉಳಿದ ಚರ್ಚೆಯನ್ನು ಮುಂದೆ ನ್ಯಾಯಾಲಯಗಳು ಹೊತ್ತುಕೊಳ್ಳಬೇಕಾಯಿತು.

ತಡೆಹಿಡಿಯುವ ಈ ಅಧಿಕಾರಕ್ಕೆ ಎದುರಾದ ಮೊದಲ ದೊಡ್ಡ ಪರೀಕ್ಷೆಗೆ ಬೆಂಗಳೂರೇ ಸಾಕ್ಷಿ. 2012ರ ಜುಲೈನಲ್ಲಿ ಅಸ್ಸಾಮಿನ ಕೊಕ್ರಝಾರ್ ಸುತ್ತಮುತ್ತ ಹಿಂಸಾಚಾರ ನಡೆಯಿತು. ಅದಕ್ಕೆ ಪ್ರತೀಕಾರವಾಗಿ ಈಶಾನ್ಯದವರ ಮೇಲೆ ದಾಳಿಯಾಗಲಿದೆ ಎಂಬ ಎಸ್‌ಎಂಎಸ್‌ಗಳು ಹರಿದಾಡಿ, ಆಗಸ್ಟ್ ಮಧ್ಯದಲ್ಲಿ ಸಾವಿರಾರು ಜನ ಗಂಟುಮೂಟೆಯೊಂದಿಗೆ ನಗರ ರೈಲು ನಿಲ್ದಾಣಕ್ಕೆ ಧಾವಿಸಿದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಆಗ ಕೇಂದ್ರ ಸರ್ಕಾರ ಎರಡು ಬಗೆಯ ಕ್ರಮ ಕೈಗೊಂಡಿತು. ಎಸ್‌ಎಂಎಸ್‌ಗಳಿಗೆ 15 ದಿನಗಳ ಅವಧಿಗೆ ಐದರ ಮಿತಿ ಹಾಕಿತು. ಅವಧಿ ಎಷ್ಟು, ಮಿತಿ ಎಷ್ಟು ಎಂಬುದು ಎಲ್ಲರಿಗೂ ಗೊತ್ತಿತ್ತು. ಜನ ಆಕ್ಷೇಪಿಸಿದರು, ವಾರದೊಳಗೆ ಮಿತಿ 20ಕ್ಕೆ ಏರಿತು. ಜೊತೆಗೆ 300ಕ್ಕೂ ಹೆಚ್ಚು ಜಾಲಪುಟ, ವಿಡಿಯೊ, ಖಾತೆಗಳನ್ನು ತಡೆಹಿಡಿಯಲು ಸೂಚಿಸಿತು. ಈ ಪಟ್ಟಿಯನ್ನು ಸರ್ಕಾರ ಪ್ರಕಟಿಸಲಿಲ್ಲ. ಅದು ಸೋರಿಕೆಯಾದ ಮೇಲೆ ಬೆಂಗಳೂರಿನ ಸೆಂಟರ್ ಫಾರ್ ಇಂಟರ್‌ನೆಟ್ ಆ್ಯಂಡ್ ಸೊಸೈಟಿ ಅದನ್ನು ವಿಶ್ಲೇಷಿಸಿದಾಗ, ವದಂತಿ ಸುಳ್ಳೆಂದು ತೋರಿಸಿಕೊಟ್ಟಿದ್ದ ಬರಹಗಳೂ ಪಟ್ಟಿಯಲ್ಲಿದ್ದದ್ದು ಬೆಳಕಿಗೆ ಬಂತು. ಬೆಂಕಿ ಆರಿಸಲು ಬಂದವರ ಕೊಡವನ್ನೇ ಕಿತ್ತುಕೊಂಡಂತಾಗಿತ್ತು. ಬಹಿರಂಗವಾಗಿದ್ದ ಕ್ರಮ ವಾರದೊಳಗೆ ತಿದ್ದುಪಡಿಯಾಯಿತು. ಗುಟ್ಟಾಗಿದ್ದ ಕ್ರಮದ ತಪ್ಪು ಹೊರಬೀಳಲು ಸೋರಿಕೆಯೇ ಬೇಕಾಯಿತು.

ಅದೇ ವರ್ಷದ ನವೆಂಬರ್‌ನಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ, ಬಾಳಾ ಠಾಕ್ರೆ ನಿಧನದ ನಂತರದ ಬಂದ್ ಬಗ್ಗೆ ಫೇಸ್‌ಬುಕ್‌ನಲ್ಲಿ ಬರೆದ ಯುವತಿಯನ್ನೂ ಅದನ್ನು ಮೆಚ್ಚಿದ ಗೆಳತಿಯನ್ನೂ ಪೊಲೀಸರು ಬಂಧಿಸಿದರು. ಆ ಬಂಧನದಿಂದ ಹುಟ್ಟಿದ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು 66ಎ ಯನ್ನು ರದ್ದುಗೊಳಿಸಿತು. ಈ ತೀರ್ಪನ್ನು ವಾಕ್ ಸ್ವಾತಂತ್ರ್ಯದ ಗೆಲುವೆಂದು ನೆನೆಯುವವರು ಅದರ ಇನ್ನರ್ಧವನ್ನು ಮರೆಯುತ್ತಾರೆ: ಅದೇ ಪೀಠ 69ಎ ಯನ್ನು ಎತ್ತಿಹಿಡಿಯಿತು. ಕಾರಣವನ್ನು ಲಿಖಿತವಾಗಿ ದಾಖಲಿಸಬೇಕು, ಸಮಿತಿ ಪರಿಶೀಲಿಸಬೇಕು, ಸಂಬಂಧಪಟ್ಟವರಿಗೆ ತಮ್ಮ ಮಾತು ಹೇಳಲು ಅವಕಾಶವಿರಬೇಕು ಎಂಬ ಕಟ್ಟುಪಾಡುಗಳು ಆ ಸೆಕ್ಷನ್‌ನಲ್ಲೂ ಅದರಡಿ ರೂಪಿಸಿದ 2009ರ ನಿಯಮಗಳಲ್ಲೂ ಇದ್ದದ್ದೇ ಅದು ಉಳಿಯಲು ಮುಖ್ಯ ಆಧಾರವಾಯಿತು. ಅಂದರೆ ಈ ಅಧಿಕಾರದ ಸಿಂಧುತ್ವ ನಿಂತಿರುವುದು ಪ್ರಕ್ರಿಯೆಯ ಮೇಲೆ. ಆದರೆ ಅದೇ ನಿಯಮಗಳಲ್ಲಿ 16ನೆಯದು ದೂರು, ಆದೇಶ, ಕ್ರಮ ಎಲ್ಲವನ್ನೂ ಗೋಪ್ಯವಾಗಿಡಬೇಕೆನ್ನುತ್ತದೆ. ಕಾರಣ ಬರೆದಿಟ್ಟರೂ ಅದನ್ನು ಓದಬೇಕಾದವನ ಕೈಗೆ ಸಿಗದಿದ್ದರೆ ಅವನು ಯಾವ ಆದೇಶವನ್ನು ಹಿಡಿದು ನ್ಯಾಯಾಲಯದ ಮೆಟ್ಟಿಲೇರಬೇಕು?

ಈ ಬಿಕ್ಕಟ್ಟು ಕರ್ನಾಟಕ ಹೈಕೋರ್ಟ್‌ನ ಎರಡು ಪ್ರಕರಣಗಳಲ್ಲಿ ನಿಚ್ಚಳವಾಗಿ ಕಾಣುತ್ತದೆ. ತಡೆ ಆದೇಶಗಳನ್ನು ಪ್ರಶ್ನಿಸಿ ಟ್ವಿಟರ್ 2022ರಲ್ಲಿ ಸಲ್ಲಿಸಿದ ಅರ್ಜಿಯನ್ನು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರ ಏಕಸದಸ್ಯ ಪೀಠ 2023ರ ಜೂನ್ 30ರಂದು ವಜಾ ಮಾಡಿ, 50 ಲಕ್ಷ ರೂಪಾಯಿ ದಂಡ ಹಾಕಿತು. ನಿರ್ದಿಷ್ಟ ಬರಹವನ್ನಷ್ಟೇ ಅಲ್ಲ, ಇಡೀ ಖಾತೆಯನ್ನೂ ತಡೆಹಿಡಿಯಬಹುದು ಎಂದಿತು. 2024ರಲ್ಲಿ ಗೃಹ ಸಚಿವಾಲಯ ಆರಂಭಿಸಿದ ಸಹಯೋಗ ಪೋರ್ಟಲ್ ವಿರುದ್ಧ ಎಕ್ಸ್ (ಹಿಂದಿನ ಟ್ವಿಟರ್) ಸಂಸ್ಥೆ ಸಲ್ಲಿಸಿದ ಅರ್ಜಿಯನ್ನು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರ ಪೀಠ 2025ರ ಸೆಪ್ಟೆಂಬರ್ 24ರಂದು ತಿರಸ್ಕರಿಸಿತು. ಬರಹ ತೆಗೆಯುವಂತೆ ಈ ಪೋರ್ಟಲ್ ಮೂಲಕ ಜಾಲತಾಣಗಳಿಗೆ ಹೋಗುವ ಸೂಚನೆಗಳಿಗೆ ಆಧಾರ ಸೆಕ್ಷನ್ 79(3)(ಬಿ). 69ಎ ಗೆ ಅಂಟಿಕೊಂಡ ಕಟ್ಟುಪಾಡುಗಳು ಅಲ್ಲಿಲ್ಲ. ಎರಡೂ ಕಡೆ ವಾದ ಮಂಡಿಸಿದ್ದು ವಿದೇಶಿ ಕಂಪನಿ. ಬರಹ ಕಳೆದುಕೊಂಡ ಸಾಮಾನ್ಯ ಬಳಕೆದಾರನ ಅಹವಾಲು, ಕಂಪನಿಗೆ ಇಲ್ಲಿ ಮೂಲಭೂತ ಹಕ್ಕು ಇದೆಯೇ ಎಂಬ ತಕರಾರಿನಲ್ಲಿ ಹಿಂದೆ ಸರಿಯಿತು.

ಅಳಿಸಿದ್ದಕ್ಕೆ ಕಾರಣ ತಿಳಿಸಬೇಕೆಂಬ ವಾದಕ್ಕೆ ಬರುವ ಮೊದಲ ಆಕ್ಷೇಪ ವೇಗದ್ದು: ವದಂತಿ ನಿಮಿಷಗಳಲ್ಲಿ ಹರಡುತ್ತದೆ, ಪ್ರಕ್ರಿಯೆ ನಡೆಯುವಷ್ಟರಲ್ಲಿ ಹೆಣ ಬಿದ್ದಿರುತ್ತದೆ. ಇದು ಹಗುರವಾದ ಮಾತಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ವಾಟ್ಸ್ಆ್ಯಪ್ ವದಂತಿಗೆ ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರು ಬಲಿಯಾದರು. ಆದರೆ ಮೊದಲು ತಡೆದು ಆಮೇಲೆ ಕಾರಣ ಕೊಡಲು ಅಡ್ಡಿಯೇನೂ ಇಲ್ಲ. 2009ರ ನಿಯಮಗಳಲ್ಲೇ ತುರ್ತು ತಡೆಗೆ ಅವಕಾಶವಿದೆ, 48 ಗಂಟೆಯೊಳಗೆ ಅದು ಸಮಿತಿಯ ಮುಂದೆ ಬರಬೇಕು. ತುರ್ತು ಮುಗಿದ ಮೇಲೂ ಮೌನ ಮುಂದುವರಿಯುವುದನ್ನು ವೇಗದ ವಾದ ಸಮರ್ಥಿಸಲಾರದು. ಎರಡನೆಯ ಆಕ್ಷೇಪ ಭದ್ರತೆಯದು: ಆದೇಶ ಬಹಿರಂಗವಾದರೆ ದೇಶಕ್ಕೆ ಅಪಾಯ. ಇಂಟರ್‌ನೆಟ್ಟನ್ನೇ ಸ್ಥಗಿತಗೊಳಿಸುವ, ಇದಕ್ಕಿಂತ ಎಷ್ಟೋ ದೊಡ್ಡ ಕ್ರಮದ ಆದೇಶಗಳನ್ನೂ ಪ್ರಕಟಿಸಬೇಕೆಂದು ಸುಪ್ರೀಂ ಕೋರ್ಟ್ 2020ರ ಜನವರಿ 10ರಂದು ಕಾಶ್ಮೀರದ ಇಂಟರ್‌ನೆಟ್ ಸ್ಥಗಿತವನ್ನು ಪ್ರಶ್ನಿಸಿದ ಅನುರಾಧಾ ಭಾಸಿನ್ ಪ್ರಕರಣದಲ್ಲಿ ಹೇಳಿದೆ. ಕಾಶ್ಮೀರದಲ್ಲಿ ಪಾಲಿಸಬೇಕಾದ ಬಹಿರಂಗತೆ ಒಂದು ಟ್ವೀಟ್‌ಗೆ ಸಲ್ಲದು ಎನ್ನಲು ಆಧಾರ ಕಾಣುವುದಿಲ್ಲ.

ಮೂರನೆಯ ಆಕ್ಷೇಪವೇ ಹೆಚ್ಚು ತೂಕದ್ದು. ಅಳಿಸುವ ಕೆಲಸವನ್ನು ಈಗ ಕಂಪನಿಗಳ ಮಷಿನ್ ಲರ್ನಿಂಗ್ ವ್ಯವಸ್ಥೆಗಳೇ ಭಾರೀ ಪ್ರಮಾಣದಲ್ಲಿ ಮಾಡುತ್ತಿರುವಾಗ ಸರ್ಕಾರವನ್ನಷ್ಟೇ ದೂರುವುದು ಸರಿಯೇ? ಸರಿಯಲ್ಲ. ಈ ವ್ಯವಸ್ಥೆಗಳು ಮೊದಲೇ ಗುರುತಿಸಿಟ್ಟ ಮಾದರಿಗಳಿಗೆ ಹೋಲುವುದನ್ನು ಹುಡುಕುತ್ತವೆ. ಸುಳ್ಳನ್ನು ಬಯಲಿಗೆಳೆಯುವ ಬರಹದಲ್ಲಿ ಆ ಸುಳ್ಳಿನ ಪದಗಳೂ ಚಿತ್ರವೂ ಇದ್ದೇ ಇರುತ್ತವೆ. ಹೋಲಿಕೆಯ ಲೆಕ್ಕದಲ್ಲಿ ಎರಡೂ ಒಂದೇ ಆಗಿ ಕಾಣಬಹುದು. 2012ರಲ್ಲಿ ಮನುಷ್ಯರು ಮಾಡಿದ ಪಟ್ಟಿಯ ದೋಷವನ್ನೇ ಯಂತ್ರ ನೂರುಪಟ್ಟು ವೇಗದಲ್ಲಿ ಮಾಡಬಲ್ಲದು. ಇಂಗ್ಲಿಷ್ ಲಿಪಿಯಲ್ಲಿ ಕನ್ನಡ ಟೈಪ್ ಮಾಡುವವರ ಬೈಗುಳ ಯಾವುದು, ಸಲುಗೆ ಯಾವುದು ಎಂದು ತಿಳಿಯುವುದು ಅದಕ್ಕೆ ಇನ್ನೂ ಕಷ್ಟ. ಇದನ್ನು ಮನಗಂಡೇ 2021ರ ಫೆಬ್ರುವರಿಯ ನಿಯಮಗಳು, 50 ಲಕ್ಷ ಬಳಕೆದಾರರನ್ನು ಮೀರಿದ ಸಂಸ್ಥೆಗಳು ತಾವಾಗಿ ಏನನ್ನಾದರೂ ತೆಗೆದರೆ ಬಳಕೆದಾರನಿಗೆ ಕಾರಣ ತಿಳಿಸಬೇಕು, ಪ್ರಶ್ನಿಸಲು ಅವಕಾಶ ಕೊಡಬೇಕು ಎನ್ನುತ್ತವೆ.

ನಮ್ಮ ಕಾನೂನಿನ ಒಳವಿರೋಧ ಇಲ್ಲಿ ಬಯಲಾಗುತ್ತದೆ. ಖಾಸಗಿ ಕಂಪನಿ ಹೊರಬೇಕಾದ ಬಾಧ್ಯತೆಯನ್ನು ಸರ್ಕಾರ ತಾನು ಹೊತ್ತಿಲ್ಲ. 2021ರ ನಿಯಮಗಳ 2025ರ ಅಕ್ಟೋಬರ್‌ನ ತಿದ್ದುಪಡಿ ಅರ್ಧ ದಾರಿ ಬಂದಿದೆ: ಹಿರಿಯ ಅಧಿಕಾರಿಯೇ ಸೂಚನೆ ಕೊಡಬೇಕು, ಕಾನೂನಿನ ಆಧಾರವನ್ನೂ ನಿರ್ದಿಷ್ಟ ವಿಳಾಸವನ್ನೂ ಬರೆಯಬೇಕು, ತಿಂಗಳಿಗೊಮ್ಮೆ ಪರಿಶೀಲನೆಯಾಗಬೇಕು. ಕಾರಣ ಬರೆಯುವುದು ಆಡಳಿತಕ್ಕೆ ಅಸಾಧ್ಯವಲ್ಲ ಎಂಬುದನ್ನು ಸರ್ಕಾರವೇ ಇದರಿಂದ ಒಪ್ಪಿಕೊಂಡಂತಾಯಿತು. ಆ ಕಾರಣದ ಪ್ರತಿ ಕಂಪನಿಯ ಕಚೇರಿಯವರೆಗೆ ಹೋಗುತ್ತಿದೆ. ಬರೆದವನ ಮನೆಯವರೆಗೂ ಅದನ್ನು ತಲುಪಿಸುವುದು ಉಳಿದಿರುವ ಕೆಲಸ. ಏನನ್ನು ಅಳಿಸಬೇಕೆಂಬ ವಿಚಾರದಲ್ಲಿ ನಾವು ಎಂದಿಗೂ ಒಮ್ಮತಕ್ಕೆ ಬರಲಿಕ್ಕಿಲ್ಲ. ಅಳಿಸಿದ ಮೇಲೆ ಕಾರಣ ಹೇಳಬೇಕು ಎಂಬುದನ್ನಾದರೂ ಎರಡೂ ಪಕ್ಷಗಳು ಕೂಡಿ ಒಪ್ಪಬಹುದು.