ವಜ್ರಮುಷ್ಟಿಯ ಪೆಟ್ಟು

ಗುದ್ದಿನ ಬಲವೆಲ್ಲ ತೋಳಿನದೆಂಬುದು ಲೋಕದ ನಂಬಿಕೆ. ಗರಡಿಯಲ್ಲಾದರೋ ತೋಳಿಗೆ ಸಾಮು ಇರುವಂತೆ ಕಾಲಿಗೆ ಬಸ್ಕಿಯೂ ಉಂಟು. ಅದಕ್ಕೆ ತಕ್ಕ ಕಾರಣವಿದೆ. ಪಾದವು ನೆಲವನ್ನೊತ್ತಿ ಪಡೆದ ಬಲವು ತೊಡೆ, ಸೊಂಟ, ಹೆಗಲುಗಳ ಮಾರ್ಗವಾಗಿ ಮುಷ್ಟಿಗೆ ಇಳಿಯುವುದು. 1985ರಲ್ಲಿ ಇಂಗ್ಲೆಂಡಿನ ವಿದ್ವಾಂಸರು ಹೆಸರಾಂತ ಮುಷ್ಟಿಯೋಧನೊಬ್ಬನ ಗುದ್ದನ್ನು ಅಳೆದಾಗ, ಅದು ಸೆಕೆಂಡಿಗೆ ಸುಮಾರು 9 ಮೀಟರು ವೇಗದಿಂದ ತಾಕಿತು. ಅದರ ಬಲವು 400 ಕಿಲೋಗ್ರಾಂ ಭಾರವನ್ನೂ ಮೀರಿದ್ದಿತು. ಮೆತ್ತೆ ಕಟ್ಟಿದ 6 ಕಿಲೋಗ್ರಾಂ ತೂಕದ ಮರದ ಕೊಡತಿಯನ್ನು ಗಂಟೆಗೆ 20 ಮೈಲಿ ವೇಗದಲ್ಲಿ ಬೀಸಿದುದಕ್ಕೆ ಅದು ಸಮಾನವೆಂದು ಅವರು ಗಣಿಸಿದರು. ಮುಷ್ಟಿ ಮುಂಗೈಗಳೆರಡೂ ಕೂಡಿ ಅಷ್ಟು ತೂಗಲಾರವು. ಉಳಿದುದು ಮೈಯ ಭಾರವೇ ಸರಿ.

ಈ ವಿದ್ಯೆಯು ಕನ್ನಡನಾಡಿಗೆ ಹೊಸತಲ್ಲ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದಕ್ಕೆ ಪ್ರತ್ಯೇಕ ಸ್ಥಾನವಿದೆ. ಸುಮಾರು 1520ರಲ್ಲಿ ವಿಜಯನಗರದ ಮಹಾನವಮಿಯನ್ನು ಕಂಡ ಪೋರ್ಚುಗೀಸ್ ಯಾತ್ರಿಕ ಪೇಸನು, ಮಲ್ಲರ ಹೊಡೆತಕ್ಕೆ ಹಲ್ಲು ಮುರಿದು ಕಣ್ಣು ಹೋಗುತ್ತಿದ್ದುದನ್ನೂ, ಮಾತಡಗಿದವರನ್ನು ಗೆಳೆಯರು ಹೊತ್ತೊಯ್ಯುತ್ತಿದ್ದುದನ್ನೂ ಬರೆದಿಟ್ಟಿರುವನು. ಕೆಲವು ವರ್ಷಗಳ ಅನಂತರ ಬಂದ ನೂನಿಜನು, ಅವರ ಕೈಯಲ್ಲಿ ಮೊನೆಗಳುಳ್ಳ ಬಳೆಗಳಿದ್ದುವೆಂದೂ, ಹೆಚ್ಚು ಗಾಯಗೊಂಡವನಿಗೆ ಅರಸನು ಪಟ್ಟೆಯ ವಸ್ತ್ರವನ್ನು ಕೊಡುತ್ತಿದ್ದನೆಂದೂ ತಿಳಿಸುತ್ತಾನೆ.

ಆ ಮೊನೆಗಳ ಮರ್ಮವು ಸುಲಭವಾದುದು. ಬಲವು ಅಷ್ಟೇ ಇದ್ದು, ತಾಕುವ ಜಾಗವು ಹತ್ತರಲ್ಲೊಂದು ಪಾಲಾದರೆ ಒತ್ತಡವು ಹತ್ತುಮಡಿಯಾಗುವುದು. ಬರಿಯ ಮುಷ್ಟಿಯು ಜಜ್ಜುವಲ್ಲಿ ಮೊನೆಯು ಸೀಳುವುದು.

ವಿಜಯನಗರದ ಉತ್ಸವವನ್ನು ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು. 1678ರಲ್ಲಿ ಮಧುಗಿರಿಯ ಕೋಟೆಯೂ ಮೈಸೂರಿನವರ ವಶವಾದುದರಿಂದ ಈ ಸೀಮೆಗೂ ಆ ಅರಮನೆಯ ಸಂಬಂಧವು ಬೆಳೆಯಿತು. ಇಂದಿಗೂ ವಿಜಯದಶಮಿಯ ದಿನ, ಜಂಬೂಸವಾರಿಗೆ ಮೊದಲು, ಮೈಸೂರು ಅರಮನೆಯಲ್ಲಿ ಜಟ್ಟಿಗಳ ಕಾಳಗವು ನಡೆಯುತ್ತದೆ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರಗಳ ಜಟ್ಟಿಗಳು ತಲೆ ಬೋಳಿಸಿಕೊಂಡು, ಬೆರಳುಗಳಿಗೆ ವಜ್ರಮುಷ್ಟಿಯನ್ನು ಧರಿಸಿ ಕಣಕ್ಕಿಳಿಯುವರು. ಒಬ್ಬನ ತಲೆಯಲ್ಲಿ ರಕ್ತವು ಕಂಡೊಡನೆ ಕಾಳಗವು ನಿಲ್ಲುವುದು.

ಈ ನಿಯಮದಲ್ಲಿ ವಿವೇಕವಡಗಿದೆ. ನೆತ್ತಿಯ ತೊಗಲು ಎಲುಬಿನ ಮೇಲೆ ಬಿಗಿದಿರುವುದರಿಂದ ಮೊನೆ ಸೋಕಿದರೂ ಬೇಗ ಸೀಳುವುದು. ಬೋಳುತಲೆಯಲ್ಲಿ ಒಂದು ಹನಿಯೂ ಮರೆಯಾಗದು. ಮೈಯ ಭಾರವೆಲ್ಲ ಕೂಡಿದ ಪೆಟ್ಟುಗಳು ಮೇಲಿಂದ ಮೇಲೆ ಬಿದ್ದು ಮಿದುಳನ್ನು ಅಲುಗಿಸುವ ಮುನ್ನವೇ ಜಟ್ಟಿಗಳು ಬೇರ್ಪಡುವರು. ಪೇಸನು ಕಂಡ ಕಣದಿಂದ ಜನರನ್ನು ಹೊತ್ತೊಯ್ಯಬೇಕಾಗಿದ್ದಿತು; ಈ ಕಣದಿಂದ ಸೋತವನೂ ತನ್ನ ಕಾಲಮೇಲೆ ನಡೆದು ಮನೆಗೆ ಹೋಗುವಂತೆ ಆ ಒಂದು ಹನಿಯ ಕಟ್ಟಳೆಯು ಕಾಯುತ್ತಿರುವುದು.