ಗುಲಾಬಿ ಕಾಲದ ನೆಗಡಿ ಮತ್ತು ಅಜ್ಜಿಯ ಆಡುಸೋಗೆ

ಚಳಿ ಇಳಿದು ಬಿಸಿಲೇರುವ ದಿನಗಳು ಬಂದವೆಂದರೆ ನಮ್ಮ ರೂಮುಗಳಲ್ಲಿ ಬೆಳಗಾಗುವುದೇ ಸೀನಿನ ಸದ್ದಿನಿಂದ. ಒಬ್ಬರಿಗೆ ಮೂಗು ಸೋರಿದರೆ ಇನ್ನೊಬ್ಬರಿಗೆ ಕಣ್ಣು ತುರಿಕೆ. ಆಗ ಊರಿನಿಂದ ತಂದ ಕಷಾಯದ ಪುಡಿ ಕಪಾಟಿನಿಂದ ಹೊರಬರುತ್ತದೆ. ‘ಇದು ಮರಳುಗಾಡಿನ ಧೂಳಿನ ಕಾಯಿಲೆ’ ಎಂದು ನಾವು ಗೊಣಗುತ್ತೇವೆ. ಆದರೆ ಈ ಕಾಯಿಲೆಗೆ ಸಾವಿರ ವರ್ಷಕ್ಕೂ ಮೀರಿದ ಚರಿತ್ರೆಯಿದೆ.

ಇಂದಿನ ಇರಾನಿನ ರೇ ಪಟ್ಟಣದಲ್ಲಿ ಹುಟ್ಟಿ ಬಾಗ್ದಾದಿನಲ್ಲೂ ವೈದ್ಯರಾಗಿದ್ದವರು ಅಲ್-ರಾಝಿ. ವಿದ್ವಾಂಸ ಅಬೂ ಝೈದ್ ಅಲ್-ಬಲ್ಖಿಗೆ ವಸಂತದಲ್ಲಿ ಗುಲಾಬಿಯ ವಾಸನೆ ತಾಗಿದೊಡನೆ ನೆಗಡಿ ಬರುವುದೇಕೆ ಎಂಬ ಬಗ್ಗೆ ಅವರು ಒಂದು ಪುಟ್ಟ ಗ್ರಂಥವನ್ನೇ ಬರೆದರು. ಋತುವಿಗೂ ನೆಗಡಿಗೂ ಇರುವ ನಂಟನ್ನು ಗುರುತಿಸಿದ ಅತಿ ಹಳೆಯ ಬರಹಗಳಲ್ಲಿ ಅದೂ ಒಂದು.

ಮುಂದಿನ ದೊಡ್ಡ ಹೆಜ್ಜೆ ಲಂಡನ್ನಿನದು. 1819ರಲ್ಲಿ ವೈದ್ಯ ಜಾನ್ ಬೋಸ್ಟಾಕ್, ಬಾಲ್ಯದಿಂದ ಪ್ರತಿ ಬೇಸಿಗೆಯಲ್ಲೂ ತನ್ನನ್ನು ಕಾಡುತ್ತಿದ್ದ ಕಣ್ಣುರಿ, ಸೀನು, ಉಸಿರಾಟದ ಕಷ್ಟಗಳನ್ನು ವೈದ್ಯರ ಸಭೆಯ ಮುಂದಿಟ್ಟ. ಕಾರಣ ಬಿಸಿಲಿನ ಝಳವೆಂದು ಭಾವಿಸಿದ್ದ. ಅದನ್ನು ತಿದ್ದಿದವನು ಮ್ಯಾಂಚೆಸ್ಟರಿನ ಚಾರ್ಲ್ಸ್ ಬ್ಲ್ಯಾಕ್ಲಿ. ಅವನೂ ಇದೇ ರೋಗಿ. ಹುಲ್ಲಿನ ಪರಾಗವನ್ನು ತನ್ನ ಮೂಗಿಗೇ ತಾಗಿಸಿಕೊಂಡು ನೋಡಿದ. ಗಾಳಿಪಟದಲ್ಲಿ ಅಂಟಿನ ಗಾಜು ಕಟ್ಟಿ ಹಾರಿಸಿ, ಮೇಲಿನ ಗಾಳಿಯಲ್ಲೂ ಪರಾಗವಿದೆಯೆಂದು ತೋರಿಸಿದ. 1873ರಲ್ಲಿ ಅವನ ಪುಸ್ತಕ ಬಂತು. ‘ಅಲರ್ಜಿ’ ಎಂಬ ಪದವನ್ನು ವಿಯೆನ್ನಾದ ಕ್ಲೆಮೆನ್ಸ್ ಫಾನ್ ಪಿರ್ಕೆ ಕೊಟ್ಟದ್ದು 1906ರಲ್ಲಿ.

ಪರಾಗದ ಮಾತು ಬಂದಾಗ ನಮ್ಮ ಸುತ್ತಲಿನ ಮರಗಳನ್ನೂ ನೋಡಬೇಕು. ಎಮಿರೇಟ್ಸ್‌ನ ರಾಷ್ಟ್ರವೃಕ್ಷ ಗಾಫ್ ಬೇರಾವುದೂ ಅಲ್ಲ, ದಸರೆಯಲ್ಲಿ ನಾವು ಪೂಜಿಸುವ ಬನ್ನಿ. ಅದರ ದಾಯಾದಿಯೊಂದು ಅಮೆರಿಕ ಖಂಡದಿಂದ ಬಂದು ಗಲ್ಫಿನಲ್ಲೂ ನಮ್ಮ ಬಯಲುಸೀಮೆಯಲ್ಲೂ ಹರಡಿದೆ. ನಾವದನ್ನು ಬಳ್ಳಾರಿ ಜಾಲಿ ಎನ್ನುತ್ತೇವೆ. ಇಲ್ಲಿ ಅನೇಕರ ಅಲರ್ಜಿಗೆ ಈ ಜಾಲಿಯ ಪರಾಗವೂ ಒಂದು ಕಾರಣ.

ಇನ್ನು ಮೂಲಿಕೆಯ ಕಥೆ. ಈಜಿಪ್ಟಿನ ಜನ ಮೂತ್ರಪಿಂಡದ ಕಲ್ಲಿನ ನೋವಿಗೆ ಖೆಲ್ಲಾ ಎಂಬ ಗಿಡದ ಬೀಜದ ಕಷಾಯ ಕುಡಿಯುತ್ತಿದ್ದರು. ಅದರ ಸಾರದಿಂದ ಆಸ್ತಮಾ ಔಷಧಿ ಹುಡುಕುವ ಕೆಲಸ ಇಂಗ್ಲೆಂಡಿನಲ್ಲಿ ನಡೆಯಿತು. ಅದರಲ್ಲಿ ತೊಡಗಿದವರು ಸಿರಿಯಾದ ಅಲೆಪ್ಪೊ ನಂಟಿನ ವೈದ್ಯ ರೋಜರ್ ಆಲ್ಟುನ್ಯಾನ್. ಅವರಿಗೂ ಆಸ್ತಮಾ ಇತ್ತು. ತಮಗೆ ಆಗದ ಗಿನಿಯಿಲಿಯ ಕೂದಲಿನ ಸಾರವನ್ನು ಮತ್ತೆ ಮತ್ತೆ ಉಸಿರಿಗೆಳೆದು, ಹೊಸ ಹೊಸ ರಾಸಾಯನಿಕಗಳನ್ನು ತಮ್ಮ ಮೇಲೆಯೇ ಪರೀಕ್ಷಿಸಿಕೊಂಡರು. 1965ರಲ್ಲಿ ಕ್ರೋಮೊಗ್ಲೈಕೇಟ್ ಸಿಕ್ಕಿತು. ಕಣ್ಣಿನ ಹನಿಯಾಗಿ, ಮೂಗಿನ ಸ್ಪ್ರೇಯಾಗಿ ಅದು ಇಂದಿಗೂ ಬಳಕೆಯಲ್ಲಿದೆ. ತೊಂದರೆ ಶುರುವಾಗುವ ಮೊದಲೇ ಬಳಸಿದರೆ ಅದರ ಗುಣ ಹೆಚ್ಚು.

ನಮ್ಮ ಬೇಲಿಯ ಆಡುಸೋಗೆಯದೂ ಇಂಥದೇ ಕಥೆ. ಅದರ ಎಲೆಯಲ್ಲಿರುವ ವ್ಯಾಸಿಸಿನ್ ಎಂಬ ಅಂಶದ ಜಾಡು ಹಿಡಿದೇ ಬ್ರೋಮ್‌ಹೆಕ್ಸಿನ್ ತಯಾರಾಯಿತು. ಫಾರ್ಮಸಿಯ ಎಷ್ಟೋ ಕೆಮ್ಮಿನ ಸಿರಪ್‌ಗಳಲ್ಲಿ ಇರುವುದು ಅದೇ. ಕಫಕ್ಕೆ ಆಡುಸೋಗೆ ಎಂದ ಅಜ್ಜಿಯ ಮಾತು ಸುಳ್ಳಾಗಲಿಲ್ಲ. ಆದರೆ ಕಫ ಸಡಿಲಿಸುವ ಮದ್ದು ಪರಾಗದ ಸೀನನ್ನು ತಡೆಯುವುದಿಲ್ಲ. ಗರ್ಭಿಣಿಯರು ಆಡುಸೋಗೆ ಸೇವಿಸಬಾರದು. ಎದೆಯಲ್ಲಿ ಸುಯ್ ಎಂಬ ಸದ್ದು ಬಂದು ಉಸಿರು ಬಿಗಿದರೆ ಕಷಾಯ ಕುದಿಸುತ್ತ ಕೂರುವಂತಿಲ್ಲ, ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಮಾತ್ರೆಯ ವಿಷಯದಲ್ಲೂ ಎಚ್ಚರ ಬೇಕು. ಕ್ಲೋರ್‌ಫೆನಿರಮಿನ್‌ನಂಥ ಹಳೆಯ ಅಲರ್ಜಿ ಮಾತ್ರೆಗಳು ನಿದ್ದೆ ಬರಿಸುತ್ತವೆ. ಸ್ನೇಹಿತ ಕೊಟ್ಟನೆಂದು ಅದನ್ನು ನುಂಗಿ ಟ್ರೈಲರ್ ಓಡಿಸಿದರೆ, ಎತ್ತರದಲ್ಲಿ ಕೆಲಸಕ್ಕೆ ನಿಂತರೆ, ಹೋಗುವುದು ಜೀವ. ನಿದ್ದೆ ಕಡಿಮೆ ತರುವ ಮಾತ್ರೆಗಳೂ ಇವೆ. ‘ನನ್ನದು ಡ್ರೈವಿಂಗ್ ಕೆಲಸ’ ಎಂದು ವೈದ್ಯರಿಗೆ ಹೇಳಿಯೇ ಬರೆಸಿಕೊಳ್ಳಿ.

ಉಳಿದದ್ದು ದಿನನಿತ್ಯದ ರೂಢಿ. ಕೆಲಸದಿಂದ ಬಂದೊಡನೆ ಸ್ನಾನ ಮಾಡಿ, ಆ ಬಟ್ಟೆಯಲ್ಲೇ ಹಾಸಿಗೆಗೆ ಹೋಗಬೇಡಿ. ಶಮಾಲ್ ಬೀಸುವಾಗ ಕಿಟಕಿ ಮುಚ್ಚಿ, ಮಾಸ್ಕ್ ಧರಿಸಿ. ಎಸಿಯ ಫಿಲ್ಟರ್ ತೊಳೆಯಿರಿ. ಹಾಸಿಗೆಯ ಬಟ್ಟೆಯನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ. ನಮ್ಮ ಹಠಯೋಗ ಪರಂಪರೆಯ ನೇತಿ ಕ್ರಿಯೆಯಂತೆ ಉಪ್ಪುನೀರಿನಲ್ಲಿ ಮೂಗು ತೊಳೆಯುವುದಕ್ಕೆ ಇಂದಿನ ವೈದ್ಯರ ಒಪ್ಪಿಗೆಯೂ ಇದೆ. ನೀರನ್ನು ಮಾತ್ರ ಕುದಿಸಿ ಆರಿಸಿರಬೇಕು, ನಲ್ಲಿಯ ನೀರು ಬೇಡ.

ಬೋಸ್ಟಾಕ್, ಬ್ಲ್ಯಾಕ್ಲಿ, ಆಲ್ಟುನ್ಯಾನ್ ಮೂವರೂ ರೋಗಿಗಳೇ. ತಮ್ಮ ಸೀನನ್ನು, ಉಸಿರನ್ನು ತಾವೇ ಗಮನಿಸಿ ಬರೆದಿಟ್ಟದ್ದರಿಂದ ಇಷ್ಟೆಲ್ಲ ತಿಳಿಯಿತು. ಅವರು ತಮ್ಮ ಮೇಲೆ ಮಾಡಿಕೊಂಡ ಪ್ರಯೋಗ ನಮಗೆ ಬೇಡ, ಗಮನವಂತೂ ಬೇಕು. ಸೀನು ಹೆಚ್ಚಾದದ್ದು ಯಾವ ತಿಂಗಳು, ಸೈಟಿನಲ್ಲೋ ರೂಮಿನಲ್ಲೋ, ಗಾಳಿ ಹೇಗಿತ್ತು, ಏನು ಕುಡಿದಾಗ ಹಗುರಾಯಿತು ಎಂದು ಮೊಬೈಲಿನಲ್ಲಿ ಒಂದೊಂದು ಸಾಲು ಬರೆದಿಟ್ಟುಕೊಳ್ಳಿ. ಮುಂದಿನ ಸಲ ವೈದ್ಯರ ಎದುರು ಕುಳಿತಾಗ, ಭಾಷೆ ತೊಡರಿದರೂ ಆ ಸಾಲುಗಳು ನೆರವಿಗೆ ಬರುತ್ತವೆ.