ಹೊರಗಿನವನ ಉಮೇದುವಾರಿಕೆ: 1967ರ ದಕ್ಷಿಣ ಮುಂಬಯಿ

ಮುಂಬಯಿಯ ಹಡಗುಕಟ್ಟೆಗಳ ಮಗ್ಗುಲಲ್ಲಿ ಸಾಗುವ ರಸ್ತೆಗೆ ಪಿ. ಡಿಮೆಲ್ಲೊ ಅವರ ಹೆಸರಿದೆ. ಬ್ರಿಟಿಷರ ಕಾಲದಲ್ಲಿ ಅದು ಫ್ರಿಯರ್ ರೋಡ್ ಆಗಿತ್ತು. ರಾಜ್ಯಪಾಲನೊಬ್ಬನ ಹೆಸರು ಅಳಿಸಿ, ಹಡಗುಕಟ್ಟೆಯ ಕೂಲಿಗಳನ್ನು ಸಂಘಟಿಸಿದ ಮಂಗಳೂರು ಕಡೆಯ ಪ್ಲಾಸಿಡ್ ಡಿಮೆಲ್ಲೊ ಅವರ ಹೆಸರು ಅಲ್ಲಿ ನೆಲೆಗೊಂಡಿತು. ನಮ್ಮಲ್ಲಿ ಎಷ್ಟೋ ಮಂದಿ ಆ ದಾರಿಯಲ್ಲಿ ದಿನವೂ ಓಡಾಡಿದ್ದೇವೆ. ಹೆಸರಿನ ಹಿಂದಿನ ಊರು ಯಾವುದೆಂದು ಕೇಳಿದವರು ಕಡಿಮೆ. ಡಿಮೆಲ್ಲೊ 1958ರಲ್ಲಿ ತೀರಿಕೊಂಡರು. ಅವರ ನೆರಳಲ್ಲಿ ಬೆಳೆದ ಇನ್ನೊಬ್ಬ ಮಂಗಳೂರಿಗ, ಅದಾದ ಒಂಬತ್ತು ವರ್ಷಗಳಲ್ಲಿ, ಈ ನಗರದ ಅತ್ಯಂತ ಬಲಿಷ್ಠ ರಾಜಕಾರಣಿಯ ಎದುರು ನಿಂತು ಮತ ಕೇಳಿದರು. ಹೊರಗಿನಿಂದ ಬಂದವನು ಇಲ್ಲಿ ಮತ ಕೇಳಬಹುದೇ, ಕೇಳುವುದಾದರೆ ಯಾವ ಆಧಾರದ ಮೇಲೆ ಎಂಬ ಪ್ರಶ್ನೆಯನ್ನು ಪರಿಶೀಲಿಸಲು ಆ ಚುನಾವಣೆಗಿಂತ ಒಳ್ಳೆಯ ಉದಾಹರಣೆ ನಮಗೆ ಸಿಗಲಾರದು.

ಮೊದಲಿಗೆ 'ಹೊರಗಿನವನು' ಎಂಬ ಮಾತಿನ ಚರಿತ್ರೆಯನ್ನೇ ಸ್ವಲ್ಪ ನೋಡಬೇಕು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದ ಕನ್ನಡಿಗನು ಒಂದು ಕಾಲದಲ್ಲಿ ಮುಂಬಯಿಗೆ ರಾಜಕೀಯವಾಗಿ ಹೊರಗಿನವನೇ ಆಗಿರಲಿಲ್ಲ. ಆ ಜಿಲ್ಲೆಗಳೆಲ್ಲ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಅಲ್ಲಿಂದ ಆಯ್ಕೆಯಾದವರು ಇಲ್ಲಿನ ಶಾಸನ ಸಭೆಯಲ್ಲಿ ಕೂರುತ್ತಿದ್ದರು. ಹುಬ್ಬಳ್ಳಿಯ ಸರ್ ಸಿದ್ದಪ್ಪ ಕಂಬಳಿಯವರು ಈ ಪ್ರಾಂತದ ಸಚಿವರೇ ಆಗಿದ್ದರು. 1956ರ ನವೆಂಬರ್ 1ರಂದು ರಾಜ್ಯಗಳ ಗಡಿಗಳು ಹೊಸದಾಗಿ ಬರೆಯಲ್ಪಟ್ಟವು. ನಾಡು ಒಂದಾದ ಆ ಸಂತೋಷದ ದಿನವೇ ಮುಂಬಯಿಯಲ್ಲಿ ನೆಲೆಸಿದ್ದ ಧಾರವಾಡದವನನ್ನು 'ಹೊರನಾಡಿಗ'ನನ್ನಾಗಿ ಮಾಡಿತು. ಮನೆ ಅದೇ, ಚಾಳು ಅದೇ, ಹಿಡಿಯುವ ಲೋಕಲ್ ಗಾಡಿ ಅದೇ. ಬದಲಾದುದು ನಕಾಶೆ ಮಾತ್ರ. ಇನ್ನು ದಕ್ಷಿಣ ಕನ್ನಡದವನ ಸ್ಥಿತಿ ಬೇರೆ. 1956ರವರೆಗೆ ಅವನ ಜಿಲ್ಲೆ ಮದ್ರಾಸಿಗೆ ಸೇರಿತ್ತು. ಹಡಗಿನಲ್ಲೋ ಬಸ್ಸಿನಲ್ಲೋ ಬಂದಿಳಿದ ಅವನು ಮೊದಲಿನಿಂದಲೂ ಇಲ್ಲಿ ಹೊರಗಿನವನೇ.

ಜಾರ್ಜ್ ಫರ್ನಾಂಡಿಸ್ ಬಂದದ್ದು ಹಾಗೆಯೇ. 1930ರ ಜೂನ್ 3ರಂದು ಮಂಗಳೂರಿನಲ್ಲಿ ಹುಟ್ಟಿದ ಅವರನ್ನು ಮನೆಯವರು ಪಾದ್ರಿಯಾಗಲೆಂದು ಬೆಂಗಳೂರಿನ ಸೆಮಿನರಿಗೆ ಕಳುಹಿಸಿದರು. ಗುರುಗಳಿಗೆ ಒಂದು ಬಗೆಯ ಊಟ, ಕಲಿಯುವವರಿಗೆ ಇನ್ನೊಂದು ಬಗೆಯ ಊಟ ಎಂಬಂಥ ಭೇದಗಳನ್ನು ಕಂಡು ಬೇಸತ್ತು ಅವರು ಅಲ್ಲಿಂದ ಹೊರಬಿದ್ದರು. ಮಂಗಳೂರಿನಲ್ಲಿ ಹೋಟೆಲು ಮತ್ತು ಸಾರಿಗೆ ಕೆಲಸಗಾರರನ್ನು ಸಂಘಟಿಸಿದರು. 1949ರಲ್ಲಿ ಕೊಂಕಣಿಯಲ್ಲಿ 'ಕೊಂಕಣಿ ಯುವಕ' ಎಂಬ ಮಾಸಿಕವನ್ನೂ ಕನ್ನಡದಲ್ಲಿ 'ರೈತವಾಣಿ' ಎಂಬ ವಾರಪತ್ರಿಕೆಯನ್ನೂ ಸಂಪಾದಿಸಿದರು. ಮಾತೃಭಾಷೆ ಕೊಂಕಣಿಯಾದ ಅವರನ್ನು ನಾವು ಕನ್ನಡಿಗರೆಂದು ಎಣಿಸುವುದಕ್ಕೆ 'ರೈತವಾಣಿ'ಯೇ ಸಾಕು. ಕರಾವಳಿಯವನಿಗೆ ಎರಡು ಮೂರು ಭಾಷೆಗಳ ಮನೆ ಹೊಸದೇನೂ ಅಲ್ಲ.

ಆಮೇಲೆ ಮುಂಬಯಿ. ಕೆಲಸವಿಲ್ಲದ ಆರಂಭದ ದಿನಗಳಲ್ಲಿ ಚೌಪಾಟಿಯ ಬೆಂಚುಗಳ ಮೇಲೆ ಮಲಗುತ್ತಿದ್ದುದನ್ನು, ರಾತ್ರಿ ಪೊಲೀಸರು ಬಂದು ಎಬ್ಬಿಸುತ್ತಿದ್ದುದನ್ನು ಅವರು ಮುಂದೆ ನೆನಪಿಸಿಕೊಳ್ಳುತ್ತಿದ್ದರು. ಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಕೆಲಸ ಸಿಕ್ಕಿತು. ಡಿಮೆಲ್ಲೊ ಅವರ ಪರಿಚಯವಾಯಿತು. ರಾಮಮನೋಹರ ಲೋಹಿಯಾ ಅವರ ವಿಚಾರ ಹಿಡಿಸಿತು. ಮುಂದಿನ ಹದಿನೈದು ವರ್ಷಗಳಲ್ಲಿ ಹಡಗುಕಟ್ಟೆಯ ಕಾರ್ಮಿಕರು, ನಗರಸಭೆಯ ಕೆಲಸಗಾರರು, ಬೆಸ್ಟ್ ಬಸ್ಸಿನ ನೌಕರರು, ಟ್ಯಾಕ್ಸಿ ಚಾಲಕರು ಇವರೆಲ್ಲರ ಹೋರಾಟಗಳಲ್ಲಿ ಜಾರ್ಜ್ ಕಾಣಿಸಿಕೊಂಡರು. ಏಟು ತಿಂದರು, ಜೈಲಿಗೆ ಹೋದರು. 1961ರಲ್ಲಿ ಮುಂಬಯಿ ಮಹಾನಗರಪಾಲಿಕೆಗೆ ಆಯ್ಕೆಯಾದರು. 1967ರ ಉಮೇದುವಾರಿಕೆಗೆ ಮೊದಲು ನಗರದ ಕಸ, ನೀರು, ಬಸ್ಸು, ಕೂಲಿ ಇವುಗಳ ಲೆಕ್ಕವನ್ನು ಆರು ವರ್ಷ ಸಭೆಯೊಳಗೆ ಕೇಳಿದ್ದ ಮನುಷ್ಯ ಅವರು. ಇದನ್ನು ಮರೆತು ಅವರ ಗೆಲುವನ್ನು ಪವಾಡವೆಂದು ಬಣ್ಣಿಸುವವರೇ ಹೆಚ್ಚು.

ಎದುರಾಳಿ ಸದಾಶಿವ ಕಾನೋಜಿ ಪಾಟೀಲ. ಕೊಂಕಣದ ಸಾವಂತವಾಡಿ ಸೀಮೆಯವರು, ಸ್ವಾತಂತ್ರ್ಯ ಹೋರಾಟಗಾರರು, ಮೂರು ಬಾರಿ ಮುಂಬಯಿಯ ಮೇಯರ್, ಕೇಂದ್ರದಲ್ಲಿ ಆಹಾರ, ರೈಲ್ವೆಯಂಥ ಖಾತೆಗಳನ್ನು ನಡೆಸಿದವರು, ಕಾಂಗ್ರೆಸ್ಸಿನ 'ಸಿಂಡಿಕೇಟ್' ಎಂಬ ಹಿರಿಯರ ಕೂಟದಲ್ಲಿ ಒಬ್ಬರು. ಮುಂಬಯಿಯ ಕಿರೀಟವಿಲ್ಲದ ದೊರೆ ಎಂದು ಅವರನ್ನು ಕರೆಯುತ್ತಿದ್ದರು. ದೇವರೂ ತನ್ನನ್ನು ಸೋಲಿಸಲಾರ ಎಂಬರ್ಥದ ಮಾತನ್ನು ಅವರು ಆಡಿದರೆಂದು ಅಂದಿನ ಕತೆ. ಆ ಮಾತನ್ನೇ ಹಿಡಿದು, ದೇವರಿಂದಾಗದ್ದು ಮತದಾರರಾದ ನಿಮ್ಮಿಂದ ಆಗುತ್ತದೆ ಎಂಬ ಭಿತ್ತಿಪತ್ರಗಳನ್ನು ಜಾರ್ಜ್ ಕಡೆಯವರು ನಗರದ ಗೋಡೆಗಳಿಗೆ ಅಂಟಿಸಿದರು. ಪತ್ರಕರ್ತರು ಜಾರ್ಜ್ ಹೆಸರೆತ್ತಿದಾಗ ಅವನು ಯಾರು ಎಂದು ಪಾಟೀಲರು ಕೇಳಿದರಂತೆ. ಈ ಕತೆಗಳಲ್ಲಿ ಅಲಂಕಾರ ಎಷ್ಟಿದ್ದರೂ, ಅಭ್ಯರ್ಥಿಯ ವಾದ ಏನಾಗಿತ್ತೆಂಬುದು ಅವುಗಳಲ್ಲಿ ಸ್ಪಷ್ಟವಾಗಿದೆ. 'ನಾನು ದೊಡ್ಡವನು, ನನ್ನನ್ನು ಗೆಲ್ಲಿಸಿ' ಎಂಬುದು ಆ ವಾದವಲ್ಲ. 'ನಿಮ್ಮ ಮತಕ್ಕೆ ಬೆಲೆಯಿದೆಯೆಂದು ನೀವೇ ತೋರಿಸಿ' ಎಂಬುದು ಅದು. ಹೊರಗಿನವನು ತನ್ನ ಪರಿಚಯವನ್ನು ಮಾಡಿಕೊಡುವುದಕ್ಕಿಂತ ಮತದಾರನ ಶಕ್ತಿಯನ್ನು ಅವನಿಗೆ ಪರಿಚಯಿಸಿದ.

ಪಾಟೀಲರ ಮೇಲೆ ಮರಾಠಿ ಮತದಾರನಿಗೆ ಹಳೆಯ ಸಿಟ್ಟೂ ಇತ್ತು. ಸಂಯುಕ್ತ ಮಹಾರಾಷ್ಟ್ರ ಚಳವಳಿಯ ಕಾಲದಲ್ಲಿ ಮುಂಬಯಿಯನ್ನು ಮಹಾರಾಷ್ಟ್ರಕ್ಕೆ ಸೇರಿಸುವುದನ್ನು ಅವರು ಬಲವಾಗಿ ವಿರೋಧಿಸಿದ್ದರು. ಹುಟ್ಟಿನಿಂದ ಒಳಗಿನವರಾದ ಪಾಟೀಲರು ಆ ಪ್ರಶ್ನೆಯಲ್ಲಿ ಊರಿನ ಬಹುಜನರ ಭಾವನೆಗೆ ಹೊರಗಾಗಿ ನಿಂತಿದ್ದರು. ಹುಟ್ಟಿನಿಂದ ಹೊರಗಿನವರಾದ ಜಾರ್ಜ್ ಬಸ್ಸಿನ ಕಂಡಕ್ಟರನ, ಕಸ ಗುಡಿಸುವವನ, ಟ್ಯಾಕ್ಸಿ ಚಾಲಕನ ಜೊತೆ ನಿಂತಿದ್ದರು. ಒಳಗು ಹೊರಗುಗಳ ಗೆರೆ ಎಲ್ಲಿ ಹಾದು ಹೋಗುತ್ತದೆ ಎಂಬುದನ್ನು ಜನನ ಪತ್ರವೊಂದೇ ತೀರ್ಮಾನಿಸುವುದಿಲ್ಲ.

ಫಲಿತಾಂಶ ಬಂದಾಗ ಸಂಯುಕ್ತ ಸಮಾಜವಾದಿ ಪಕ್ಷದ ಜಾರ್ಜ್ ಶೇಕಡಾ 48.5ರಷ್ಟು ಮತ ಪಡೆದು ಗೆದ್ದಿದ್ದರು. 'ಜೈಂಟ್ ಕಿಲ್ಲರ್' ಎಂಬ ಬಿರುದು ಕೊನೆಯವರೆಗೂ ಅವರಿಗೆ ಅಂಟಿಕೊಂಡಿತು. ಅದು ಕಾಂಗ್ರೆಸ್ ವಿರೋಧಿ ಗಾಳಿಯ ವರ್ಷವಾಗಿತ್ತಲ್ಲವೇ ಎಂದು ಕೇಳಬಹುದು. ನಿಜ, ಕಾಮರಾಜ್ ಅವರೇ ವಿರುಧುನಗರದಲ್ಲಿ ವಿದ್ಯಾರ್ಥಿ ನಾಯಕನೊಬ್ಬನಿಗೆ ಸೋತರು, ಬಂಗಾಳದಲ್ಲಿ ಅತುಲ್ಯ ಘೋಷ್ ಸೋತರು. ಆದರೆ ಆ ಗಾಳಿ ಮಹಾರಾಷ್ಟ್ರದಲ್ಲಿ ಬೀಸಿರಲಿಲ್ಲ. ಅದೇ ಚುನಾವಣೆಯಲ್ಲಿ ಇಲ್ಲಿನ 270 ಸ್ಥಾನಗಳ ವಿಧಾನಸಭೆಯಲ್ಲಿ ಕಾಂಗ್ರೆಸ್ 203 ಸ್ಥಾನ ಗೆದ್ದಿತು. ಆದುದರಿಂದ ಪಾಟೀಲರ ಸೋಲಿಗೆ ಕಾರಣವನ್ನು ದಕ್ಷಿಣ ಮುಂಬಯಿಯಲ್ಲಿಯೇ ಹುಡುಕಬೇಕು.

ಈ ಗೆಲುವಿನ ಅರ್ಥ ಸ್ಪಷ್ಟವಾಗಬೇಕಾದರೆ ಪಕ್ಕದಲ್ಲಿ ಇನ್ನೊಂದು ಸೋಲನ್ನು ಇಟ್ಟು ನೋಡಬೇಕು. ಅದೇ ಫೆಬ್ರವರಿ ತಿಂಗಳಲ್ಲಿ, ಇದೇ ನಗರದ ಈಶಾನ್ಯ ಕ್ಷೇತ್ರದಲ್ಲಿ, ಪಶ್ಚಿಮ ಕರಾವಳಿಯಿಂದಲೇ ಬಂದ ಇನ್ನೊಬ್ಬ ಹೊರಗಿನವರು ಸ್ಪರ್ಧಿಸಿದ್ದರು: ಕೇರಳದ ವಿ.ಕೆ. ಕೃಷ್ಣ ಮೆನನ್. ಅವರು 1957ರಲ್ಲಿ ಮತ್ತು 1962ರಲ್ಲಿ ಉತ್ತರ ಮುಂಬಯಿಯಿಂದ ಕಾಂಗ್ರೆಸ್ ಅಭ್ಯರ್ಥಿಯಾಗಿ ಗೆದ್ದವರು; ಎರಡನೆಯ ಸಲ ಆಚಾರ್ಯ ಕೃಪಲಾನಿಯವರನ್ನೇ ಸೋಲಿಸಿದ್ದರು. ಆಗ ಅವರು ಹೊರಗಿನವರೆಂಬುದು ಪಕ್ಷಕ್ಕೆ ಅಡ್ಡಿಯಾಗಿರಲಿಲ್ಲ. ಚೀನಾ ಯುದ್ಧದ ಅವಮಾನದ ಬಳಿಕ, 1967ರಲ್ಲಿ, ಅವರು ಹೊರಗಿನವರೆಂಬ ಸಂಗತಿ ಒಮ್ಮೆಲೇ ಪಕ್ಷದ ಕಣ್ಣಿಗೆ ಬಿತ್ತು, ಟಿಕೆಟು ನಿರಾಕರಿಸಲಾಯಿತು. ಸ್ವತಂತ್ರರಾಗಿ ನಿಂತ ಮೆನನ್ನರನ್ನು ಕಾಂಗ್ರೆಸ್ಸಿನ ಎಸ್.ಜಿ. ಬರ್ವೆ ಸೋಲಿಸಿದರು. 1966ರ ಜೂನ್‌ನಲ್ಲಿ ಹುಟ್ಟಿದ್ದ ಶಿವಸೇನೆ ದಕ್ಷಿಣ ಭಾರತೀಯರ ವಿರುದ್ಧ ದನಿಯೆತ್ತಿದ್ದ ಕಾಲವದು. ಮೆನನ್ನರ ವಿರುದ್ಧ ಅದು ಬಹಿರಂಗವಾಗಿಯೇ ಕೆಲಸ ಮಾಡಿತು.

ಒಂದೇ ನಗರ, ಒಂದೇ ತಿಂಗಳು, ಇಬ್ಬರು ದಕ್ಷಿಣದವರು. ವಿಶ್ವಸಂಸ್ಥೆಯಲ್ಲಿ ಗಂಟೆಗಟ್ಟಲೆ ಮಾತಾಡಿ ಜಗತ್ತಿಗೆಲ್ಲ ಪರಿಚಿತರಾಗಿದ್ದವರು ಸೋತರು. ಚೌಪಾಟಿಯ ಬೆಂಚಿನಿಂದ ಬಂದವರು ಗೆದ್ದರು. ಇಬ್ಬರ ಕ್ಷೇತ್ರಗಳು, ಎದುರಾಳಿಗಳು ಬೇರೆ ಎಂಬುದನ್ನು ಒಪ್ಪಿದರೂ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ಮೆನನ್ನರಿಗೆ ಇಲ್ಲಿದ್ದ ನೆಲೆ ಪಕ್ಷ ಕೊಟ್ಟದ್ದು. ಕೊಟ್ಟವರು ಹಿಂತೆಗೆದುಕೊಂಡಾಗ ಅದು ಕುಸಿಯಿತು. ಜಾರ್ಜ್ ಅವರ ನೆಲೆ ಕೂಲಿಯ ಕಟ್ಟೆಗಳಲ್ಲಿ, ಬಸ್ ಡಿಪೋಗಳಲ್ಲಿ, ಪಾಲಿಕೆಯ ಸಭೆಯಲ್ಲಿ ವರ್ಷವರ್ಷ ಕಟ್ಟಿದ್ದು. ಅದನ್ನು ಹಿಂತೆಗೆದುಕೊಳ್ಳುವ ಅಧಿಕಾರ ದಿಲ್ಲಿಯಲ್ಲಿ ಯಾರಿಗೂ ಇರಲಿಲ್ಲ.

ಹಾಗೆಂದು ಗಳಿಸಿದ ನೆಲೆ ಶಾಶ್ವತವೂ ಅಲ್ಲ. 1971ರಲ್ಲಿ ಇಂದಿರಾ ಅಲೆಯ ಎದುರು ಅದೇ ದಕ್ಷಿಣ ಮುಂಬಯಿ ಜಾರ್ಜ್ ಅವರನ್ನು ಸೋಲಿಸಿತು. ಆಮೇಲಿನ ಕತೆಯಂತೂ 'ಊರಿನವನು' ಎಂಬ ಪದವನ್ನೇ ಅಣಕಿಸುವಂತಿದೆ. ಮುಂಬಯಿಯ ದೊರೆ ಪಾಟೀಲರು 1969ರಲ್ಲಿ ಲೋಕಸಭೆಗೆ ಮರಳಿದ್ದು ಗುಜರಾತಿನ ಬನಾಸಕಾಂಠಾದಿಂದ. ಮೆನನ್ ಅದೇ ವರ್ಷ ಮರಳಿದ್ದು ಬಂಗಾಳದ ಮಿದ್ನಾಪುರದಿಂದ. ಜಾರ್ಜ್ 1977ರಲ್ಲಿ, ತುರ್ತುಪರಿಸ್ಥಿತಿಯ ಸೆರೆಮನೆಯಲ್ಲಿದ್ದುಕೊಂಡೇ, ಬಿಹಾರದ ಮುಜಫ್ಫರಪುರದಿಂದ ಭಾರಿ ಅಂತರದಲ್ಲಿ ಗೆದ್ದರು. ಕೊನೆಗೆ 1984ರಲ್ಲಿ ತಮ್ಮ ನಾಡಿಗೆ ಬಂದು ಬೆಂಗಳೂರು ಉತ್ತರದಲ್ಲಿ ನಿಂತರು, ಅಲ್ಲಿ ಸಿ.ಕೆ. ಜಾಫರ್ ಷರೀಫ್ ಅವರ ಎದುರು ಸೋತರು. ಮರಾಠಿಯ ಮುಂಬಯಿಯೂ ಹಿಂದಿಯ ಬಿಹಾರವೂ ಒಪ್ಪಿಕೊಂಡ ಮನುಷ್ಯನನ್ನು ಕನ್ನಡದ ರಾಜಧಾನಿ ಒಪ್ಪಲಿಲ್ಲ.

ಇದನ್ನೆಲ್ಲ ಇಂದು ನೆನೆಯುವುದಕ್ಕೆ ಕಾರಣವಿದೆ. ನಾವು ಹೊರನಾಡ ಕನ್ನಡಿಗರು ಸಂಸ್ಥೆ ಕಟ್ಟುವುದರಲ್ಲಿ ಹಿಂದೆ ಬಿದ್ದವರಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಿಂದ, ಮಾಟುಂಗದ ಮೈಸೂರು ಅಸೋಸಿಯೇಶನ್ 1926ರಿಂದ ನಡೆದು ಬಂದಿವೆ. ಹಗಲು ಹೋಟೆಲಿನಲ್ಲಿ ದುಡಿದ ಹುಡುಗರಿಗೆ ರಾತ್ರಿ ಶಾಲೆಗಳಲ್ಲಿ ಅಕ್ಷರ ಕಲಿಸಿದ ಪರಂಪರೆ ನಮ್ಮದು. ನಮ್ಮ ಸಂಘಗಳ ಪದಾಧಿಕಾರಿಗಳ ಚುನಾವಣೆಗಳನ್ನು ಎಷ್ಟು ಹುರುಪಿನಿಂದ ನಡೆಸುತ್ತೇವೆಂಬುದು ಎಲ್ಲರಿಗೂ ಗೊತ್ತು. ಆದರೆ ವಾರ್ಡಿನ ಚರಂಡಿಯ ಮಾತು ಬಂದಾಗ, ಪುನರ್ವಸತಿ ಯೋಜನೆಯಲ್ಲಿ ಮನೆ ಕಳೆದುಕೊಳ್ಳುವವನ ಮಾತು ಬಂದಾಗ, 'ನಮಗೇಕೆ, ನಾವು ಹೊರಗಿನವರು' ಎಂದು ಬಾಗಿಲು ಮುಚ್ಚಿಕೊಳ್ಳುವುದೂ ನಮ್ಮ ರೂಢಿಯೇ. ತೆರಿಗೆ ಕಟ್ಟುವಾಗ ಮಾತ್ರ ಒಳಗಿನವರಾಗಿ, ಉತ್ತರ ಕೇಳುವಾಗ ಹೊರಗಿನವರಾಗಿ ಉಳಿಯುವ ಈ ವಿನಯ ಎಲ್ಲಿಯವರೆಗೆ?

ಕಾನೂನು ಈ ಸಂಕೋಚವನ್ನು ಬೆಂಬಲಿಸುವುದಿಲ್ಲ. ಮಹಾರಾಷ್ಟ್ರದ ವಿಧಾನಸಭೆಗೆ ನಿಲ್ಲಲು 25 ವರ್ಷ ತುಂಬಿರಬೇಕು. ರಾಜ್ಯದ ಯಾವುದಾದರೊಂದು ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. 1951ರ ಜನತಾ ಪ್ರಾತಿನಿಧ್ಯ ಕಾಯಿದೆ ಅಜ್ಜನ ಊರು ಯಾವುದೆಂದು ಕೇಳುವುದಿಲ್ಲ, ಮನೆಯಲ್ಲಿ ಆಡುವ ಮಾತು ಯಾವುದೆಂದೂ ಕೇಳುವುದಿಲ್ಲ. ಮುಂಬಯಿ ನಗರ ಮತ್ತು ಉಪನಗರಗಳಲ್ಲಿ ಇಂದು 36 ವಿಧಾನಸಭಾ ಕ್ಷೇತ್ರಗಳಿವೆ. ಕನ್ನಡ, ತುಳು, ಕೊಂಕಣಿ ಮಾತಾಡುವವರಿಲ್ಲದ ಕ್ಷೇತ್ರವನ್ನು ಹುಡುಕುವುದು ಕಷ್ಟ.

ಆದರೆ ಅಷ್ಟು ಮಂದಿ ನಮ್ಮವರಿದ್ದಾರೆ ಎಂಬ ಲೆಕ್ಕದ ಮೇಲೆ ನಿಲ್ಲುವ ಉಮೇದುವಾರಿಕೆ ದುರ್ಬಲವಾದುದು. ಜಾತಿ ಸಂಘದ ಅಧ್ಯಕ್ಷಗಿರಿಯನ್ನು ಟಿಕೆಟಿಗೆ ಬದಲಾಯಿಸಿಕೊಳ್ಳುವ ಯತ್ನ ಮೆನನ್ನರ ದಾರಿಯೇ, ಕೊಟ್ಟವರು ಕಿತ್ತುಕೊಳ್ಳುತ್ತಾರೆ. ಜಾರ್ಜ್ 'ನಮ್ಮವರ' ಮತವನ್ನಷ್ಟೇ ನಂಬಿ ನಿಂತಿದ್ದರೆ ದಕ್ಷಿಣ ಮುಂಬಯಿಯಲ್ಲಿ ಠೇವಣಿಯೂ ಉಳಿಯುತ್ತಿರಲಿಲ್ಲವೇನೋ. ಅವರು ಮರಾಠಿಯಲ್ಲಿ, ಹಿಂದಿಯಲ್ಲಿ ಮಾತಾಡಿದರು. ಉತ್ತರ ಭಾರತದ ಚಾಲಕನ ಪರವಾಗಿಯೂ ಘಾಟಿನ ಹಮಾಲನ ಪರವಾಗಿಯೂ ಜೈಲಿಗೆ ಹೋದರು. ಹೊರಗಿನವನಿಗೆ ಇರುವ ಒಂದು ಅನುಕೂಲವೆಂದರೆ ಇದೇ: ಯಾವ ಮನೆಯೂ ಹುಟ್ಟಿನಿಂದ ಅವನದಲ್ಲವಾದ್ದರಿಂದ ಎಲ್ಲ ಮನೆಗಳ ಬಾಗಿಲನ್ನೂ ಅವನು ತಟ್ಟಲೇಬೇಕಾಗುತ್ತದೆ.

ಜಾರ್ಜ್ ಫರ್ನಾಂಡಿಸ್ 2019ರ ಜನವರಿ 29ರಂದು ದಿಲ್ಲಿಯಲ್ಲಿ ತೀರಿಕೊಂಡರು. ಅವರ ನಂತರದ ರಾಜಕೀಯ ಮೈತ್ರಿಗಳನ್ನು ಒಪ್ಪದವರು ನಮ್ಮಲ್ಲಿ ಅನೇಕರಿದ್ದಾರೆ. ಒಪ್ಪಬೇಕೆಂಬ ಒತ್ತಾಯವೂ ಇಲ್ಲ. ಆದರೆ ಮುಂದಿನ ಚುನಾವಣೆಯಲ್ಲಿ ನಮ್ಮ ನಡುವಿನ ಯಾವುದಾದರೂ ಹುಡುಗ ಅಥವಾ ಹುಡುಗಿ ಅರ್ಜಿ ತುಂಬಲು ಹೊರಟರೆ, 'ನೀನು ಇಲ್ಲಿಯವನಲ್ಲ' ಎಂದು ಮೊದಲು ಹೇಳುವವರು ಹಿತೈಷಿಗಳಾದ ನಾವೇ ಆಗಬಾರದು. ಕೇಳಬೇಕಾದ ಪ್ರಶ್ನೆ ಬೇರೆ: ಅರ್ಜಿ ತುಂಬುವ ಮೊದಲಿನ ಆರು ವರ್ಷ ನೀನು ಎಲ್ಲಿದ್ದೆ, ಯಾರ ಜೊತೆ ನಿಂತಿದ್ದೆ?